ಬೆಂಕಿಪೊಟ್ಟಣದ ಫೋನು

ಬೀಗ ಹಾಕಿದ್ದ ಕೋಣೆಯ ಬಾಗಿಲಡಿಯ ಸಂದಿಯಲ್ಲಿ ಚಿಟ್ಟಿ ಬೆಂಕಿಪೊಟ್ಟಣವೊಂದನ್ನು ಒಳಗೆ ತಳ್ಳಿ, ದಾರದ ಈಚೆ ತುದಿಯ ಪೊಟ್ಟಣವನ್ನು ಕಿವಿಗಿಟ್ಟುಕೊಂಡಳು. ಈ ಹಳೇ ಮನೆಗೆ ಬಂದಾಗಿನಿಂದ ಮಧ್ಯಾಹ್ನವಾದರೆ ಸಾಕು, ಆ ಕೋಣೆಯಲ್ಲಿ ಏನೋ ಓಡಾಡುವ ಸದ್ದು.

"ಪೆದ್ದೀ, ದಾರ ಬಿಗಿಯಾಗಿದ್ರೆ ತಾನೇ ಮಾತು ಕೇಳಿಸೋದು? ಆ ಕಡೆ ಹಿಡ್ಕೊಳ್ಳೋರು ಬೇಡ್ವಾ?" ಅಕ್ಕ ಕಿಸಕ್ಕನೆ ನಕ್ಕಳು. "ಒಳಗಿರೋದು ಇಲಿ. ಇಲಿ ಫೋನ್ ಎತ್ತುತ್ತಾ?"

ಚಿಟ್ಟಿಗೂ ನಗು ಬಂತು. ಅಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದ ದಾರ ಮೆಲ್ಲಗೆ ಒಳಗೆ ಸರಿಯಿತು, ನೆಲ ಬಿಟ್ಟು ಮೇಲೆದ್ದಿತು, ತಂತಿಯ ಹಾಗೆ ಬಿಗಿದು ನಿಂತಿತು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

ಚಿಟ್ಟಿಯ ಕಿವಿಯಲ್ಲಿ ಪುಟ್ಟ ಹುಡುಗಿಯೊಬ್ಬಳ ಪಿಸುದನಿ: "ಜೋರಾಗಿ ಎಳೀಬೇಡ ಕಣೇ. ಹೋದ್ಸಲ ಒಬ್ಳು ಹೆದರ್ಕೊಂಡು ಎಳೆದು ದಾರ ಕಿತ್ತೋಯ್ತು. ಆಮೇಲೆ ಯಾರೂ ಫೋನೇ ಮಾಡ್ಲಿಲ್ಲ."