ಬಾಯಿಗೆ ಬರುವ ಮೂರಕ್ಷರ

“ಮೊದಲಿನ ಭಾಗ ಸರ್ಕಾರ ಕೊಡ್ತದೆ. ಕೊನೆಯ ಮೂರು ಅಕ್ಷರ ನಿಮ್ಮಿಷ್ಟ, ಚಿದಾನಂದಣ್ಣ. ಹೆಸರಿನದ್ದೇ ಹಾಕುವ, ಆಗದಾ?” ಎಂದಳು ಸಾತ್ವಿಕಾ. ಹವ್ಯಾಸಿಗಳ ಹ್ಯಾಮ್ ರೇಡಿಯೊ ಪರೀಕ್ಷೆಗೆ ಪಾಠ ಹೇಳಿಕೊಟ್ಟವಳು, ಈಗ ರೇಡಿಯೊದಲ್ಲಿ ಅವನ ಗುರುತಾಗುವ ಕಾಲ್‌ಸೈನಿಗೆ ಅರ್ಜಿ ತುಂಬಿಸುತ್ತಿದ್ದಳು.

ಚಿದಾನಂದ ಬೇಡವೆಂದು ತಲೆಯಾಡಿಸಿ ತಾನೇ ಬರೆದ: ಎಲ್, ಎನ್, ವೈ.

“ಇದು ಯಾರ ಹೆಸರು?”

“ಯಾರದ್ದೂ ಅಲ್ಲ.”

ಚ, ಕ, ಪ ಎದುರಾದರೆ ಅವನ ನಾಲಿಗೆ ಕಲ್ಲಾಗುತ್ತಿತ್ತು. ಮೂಡುಬಿದಿರೆಯ ತನ್ನ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಕಾಶಿಪಟ್ಣದ ಮನೆಗೆ ಹೋಗುವಾಗ ಕಂಡಕ್ಟರನಿಗೆ ಅದರಾಚೆಯ ಊರು ‘ನಾರಾವಿ’ ಎಂದು ಹೇಳಿ ಟಿಕೆಟ್ ಪಡೆದು, ನಡುವೆಯೇ ಇಳಿಯುತ್ತಿದ್ದ. ಹೆಣ್ಣು ನೋಡಲು ಹೋದಲ್ಲಿ ಹೆಸರು ಹೇಳಿ ಮುಗಿಸುವ ಮೊದಲೇ ಒಳಗಿನಿಂದ ಕಿಸಕ್ಕೆಂದ ಸದ್ದು ಬಂದಿತ್ತು. ಮತ್ತೆ ಯಾವ ಮನೆಗೂ ಹೋಗಲಿಲ್ಲ. ಒಳ್ಳೆಯವರು ಅವನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ನಕ್ಕವರಿಗಿಂತ ಅವರೇ ಹೆಚ್ಚು ನೋಯಿಸುತ್ತಿದ್ದರು. ಹಾಗಾಗಿ ತಂತಿ ಸುತ್ತುತ್ತಾ ಎಲ್ಲ ಅಕ್ಷರಗಳನ್ನೂ ಬಾಯಲ್ಲಿ ಹೊರಳಿಸಿ, ಎಡವದೆ ಬರುವ ಮೂರನ್ನು ಆರಿಸಿಟ್ಟಿದ್ದ.

ಲೈಸೆನ್ಸ್ ಬಂತು. ಆದಿತ್ಯವಾರ ಬೆಳಿಗ್ಗೆ ಸುತ್ತಲಿನ ಹ್ಯಾಮ್‌ಗಳು ಇಂಟರ್ನೆಟ್ಟಿನಲ್ಲಿ ಒಟ್ಟು ಸೇರಿ ಮಾತಾಡುವ ರೂಢಿ; ರೇಡಿಯೊ ಸೆಟ್ ಇಲ್ಲದಿದ್ದರೂ ಲೈಸೆನ್ಸ್ ಇದ್ದರೆ ಸಾಕು. ಅಂಗಡಿಯ ಶಟರ್ ಅರ್ಧ ಎಳೆದು, ಕಂಪ್ಯೂಟರಿನಲ್ಲಿ ತನ್ನ ಕಾಲ್‌ಸೈನ್ ಒತ್ತಿದ. ಉಳಿದವರ ಸಾಲಿನ ಕೆಳಗೆ ಅವನದೂ ಮೂಡಿತು.

“ಹೊಸಬರು ಬಂದ ಹಾಗೆ ಉಂಟು. ಮಾತಾಡಿ,” ಎಂದರು ಬಂಟ್ವಾಳದಿಂದ ಸಭೆ ನಡೆಸುವ ಹನೀಫಾ.

ಮಾತು ಮುಗಿಯುವವರೆಗೆ ಒತ್ತಿಹಿಡಿಯಬೇಕಾದ ಗುಂಡಿಯನ್ನು ಒತ್ತಿ ಚಿದಾನಂದ ಕಾಲ್‌ಸೈನ್ ಹೇಳಿದ. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ. ಅಪರಿಚಿತರ ಮುಂದೆ ತನ್ನ ದನಿ ಇಷ್ಟು ನೆಟ್ಟಗೆ ಹೊರಟದ್ದು ಅವನಿಗೇ ನೆನಪಿರಲಿಲ್ಲ.

“ಭಾರೀ ಕ್ಲಿಯರ್ ಉಂಟು! ನಿಮ್ಮ ಹೆಸರು?”

ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

“ಚಿ... ಚಿ... ಚ್...”

ಗುಂಡಿ ಬಿಟ್ಟ. ಇನ್ನೇನು ನಗು ಬರುತ್ತದೆಂದು ಕಂಪ್ಯೂಟರ್ ಆರಿಸಲು ಕೈ ಚಾಚಿದ.

“ಸ್ವರ ಕಡಿದು ಕಡಿದು ಬರ್ತದೆ ಮಾರಾಯ್ರೇ,” ಎಂದರು ಹನೀಫಾ. “ಈ ನೆಟ್‌ವರ್ಕಿನದ್ದು ಯಾವಾಗಲೂ ಇದೇ ಕತೆ. ಗಡಿಬಿಡಿ ಇಲ್ಲ, ನಿಧಾನಕ್ಕೆ ಹೇಳಿ. ನಾವು ಕಾಯ್ತೇವೆ.”

ಚಿದಾನಂದ ಮತ್ತೆ ಗುಂಡಿ ಒತ್ತಿದ. ಹೆಸರು ಪೂರ್ತಿ ಹೊರಬರುವವರೆಗೆ ಬೆರಳು ತೆಗೆಯಲಿಲ್ಲ.