ಒಂದೇ ಹೆಸರಿನ ಅತಿಥಿ

ವೇದಿಕೆಯ ಮೇಲೆ ಕೂತಿದ್ದ ಅಮೆರಿಕದ ಅತಿಥಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ತೊಗಲುಗೊಂಬೆಯಾಟ ಕಲಿಯಲು ಬಂದು ಈ ಸೀಮೆಯಲ್ಲೇ ಉಳಿದುಬಿಟ್ಟವನು. ಆಸ್ಪತ್ರೆಯ ಉದ್ಘಾಟನೆಗೆ ಕರೆದಾಗ, ಫೋಟೋಕ್ಕೊಂದು ಬಿಳಿ ಮುಖ ಬೇಕಾಗಿರಬೇಕು ಎಂದುಕೊಂಡು ಒಪ್ಪಿದ್ದ. ನಿರೂಪಕ ಮೈಕ್ ಹಿಡಿದು ಪರಿಚಯ ಭಾಷಣ ಶುರುಮಾಡಿದ.

"ಈಜಿನಲ್ಲಿ ಪದಕ ಗೆದ್ದವರು, ಗವರ್ನರ್ ಆಗಿದ್ದವರು, ಸಾವಿರಾರು ಹೃದಯಗಳ ಆಪರೇಶನ್ ಮಾಡಿದವರು, ನಮ್ಮ ರಾಬರ್ಟ್ ಮಿಲ್ಲರ್!"

ಚಪ್ಪಾಳೆಯ ನಡುವೆ ಅತಿಥಿ ಪಕ್ಕದಲ್ಲಿದ್ದ ಆಸ್ಪತ್ರೆ ಸಮಿತಿಯ ಕಾರ್ಯದರ್ಶಿಯತ್ತ ಬಾಗಿದ.

"ಅವರು ಮೂರು ಮಂದಿ ಬ್ಯಾರೆ ಬ್ಯಾರೆ ರೀ. ನಮ್ಮ ದೇಶದಾಗ ಈ ಹೆಸರಿನವರು ಓಣಿಗೊಬ್ಬರು ಸಿಗ್ತಾರ. ನಾನು ಅವರ್ಯಾರೂ ಅಲ್ಲ."

ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. "ನೆಟ್‌ನಾಗ ಹೆಸರು ಹಾಕಿದೆ, ಬಂದಿದ್ದೆಲ್ಲಾ ನಿಮ್ದ ಅಂತ ತಿಳಕೊಂಡೆ."

"ಈಗರ ಹೇಳ್ರಿ ಎಲ್ಲಾರಿಗೂ."

"ಸುಮ್ಮ ಕೂಡ್ರಿ ಸರ! ಶಾಸಕರು ಎದುರಿಗೇ ಕುಂತಾರ, ಗೊತ್ತಾದ್ರ ನನ್ನ ಚರ್ಮ ಸುಲೀತಾರ. ರಿಬ್ಬನ್ ಕತ್ತರಿಸಿ ಹೋಗಿಬಿಡ್ರಿ, ಅಷ್ಟ," ಎನ್ನುತ್ತಾ ಕಾರ್ಯದರ್ಶಿ ನಗುಮುಖದಿಂದ ಅತಿಥಿಗೆ ಸನ್ಮಾನದ ಶಾಲನ್ನು ಬಿಗಿಯಾಗಿ ಹೊದಿಸಿದ.

ಮುಂದಿನ ಸಾಲಿನಲ್ಲಿದ್ದ ಶಾಸಕರು ಅತಿಥಿಯ ಕೈಗಳನ್ನೇ ನೋಡುತ್ತಿದ್ದರು.

ಅತಿಥಿ ಹೇಗೋ ರಿಬ್ಬನ್ ಕತ್ತರಿಸಿ ಗೇಟಿನತ್ತ ತಿರುಗಿದ. ಅಷ್ಟರಲ್ಲಿ ಶಾಸಕರು ಬಂದು ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

"ಒಳಗ ಬರ್ರಿ ಡಾಕ್ಟ್ರ. ನಮ್ಮವ್ವಗ ಇಂಜೆಕ್ಷನ್ ಕೊಟ್ಟು, ಎಚ್ಚರ ತಪ್ಪಿಸಿ, ಟೇಬಲ್ ಮ್ಯಾಲ ಮಲಗಿಸ್ಯಾರ. ಮೊದಲನೇ ಆಪರೇಶನ್ ನಿಮ್ಮ ಕೈಗುಣದಿಂದನ ಆಗಬೇಕು."