ಮುರಿದ ಹಲ್ಲು

ಇಬ್ಬರು ಆಚೆ ಈಚೆ ನಿಂತು ಎಳೆಯುವ ಹಳೆಯ ಗರಗಸ. ಆಕೆ ಅದನ್ನು ಮುದುಕ ಕಮ್ಮಾರನ ಕುಲುಮೆಯ ಮುಂದೆ ಇಳಿಸಿದಳು.

“ಅಜ್ಜಾ, ಇದನ್ನ ಮಾಡಿದವರು ಯಾರಂತ ಹೇಳ್ತೀರೇನ್ರಿ? ಉಳಿದ ಕಮ್ಮಾರರೆಲ್ಲ ನಮ್ಮದಲ್ಲ ಅಂದ್ರು.”

ಮಾಡಿದವರು ಹಿಡಿಯ ಬುಡದಲ್ಲಿ ತಮ್ಮ ಗುರುತು ಒತ್ತುವುದು ವಾಡಿಕೆ. ಇದರಲ್ಲಿ ಆ ಜಾಗವನ್ನು ಯಾರೋ ಅರದಿಂದ ಉಜ್ಜಿ ಅಳಿಸಿದ್ದರು. ಮುದುಕ ನೋಡಿದ, ಮುಟ್ಟಲಿಲ್ಲ.

“ಎಲ್ಲಿ ಸಿಕ್ತು?”

“ಹಾಳುಬಾವಿ ಹೂಳು ತಗಿಯೂ ಮುಂದ. ನಮ್ಮಪ್ಪ ಮರ ಕೊಯ್ಯಾಕ ಹೋದಾವ ತಿರುಗಿ ಬರಲಿಲ್ಲ. ಆಗ ನಾ ತೊಟ್ಟಿಲದಾಗ ಇದ್ನಿ.”

“ನಿಮ್ಮಪ್ಪನ್ನ ನಾ ನೋಡೇ ಇಲ್ಲ. ಗರಗಸಾನೂ ನಂದಲ್ಲ. ತೊಗೊಂಡು ಹೋಗವ್ವಾ.”

ಅವನು ತಿದಿ ಒತ್ತತೊಡಗಿದ. ಕೆಂಡ ನಿಗಿನಿಗಿ ಎಂದಿತು. ಆಕೆ ಏಳಲಿಲ್ಲ. ಗರಗಸದ ಉದ್ದಕ್ಕೂ ಬೆರಳಾಡಿಸುತ್ತ ನಡುವಿನ ಮುರಿದ ಹಲ್ಲಿನ ಹತ್ತಿರ ನಿಲ್ಲಿಸಿದಳು.

“ಹೋಗ್ಲಿ ಬಿಡ್ರಿ. ಇಂಥಾ ಕೆಲಸಕ್ಕ ಹೆಸರು ಯಾರು ಹಾಕ್ಕೋತಾರ? ಹದಾನೇ ಇಲ್ಲ. ಮರಕ್ಕ ಹಲ್ಲು ಮುರದೈತಿ.”

ತಿದಿ ನಿಂತಿತು.

“ಮಾಡಿದಾವ ಕೆಲಸ ಬರದಾವ ಇರಬೇಕು” ಎನ್ನುತ್ತ ಆಕೆ ಗರಗಸವನ್ನು ಹೆಗಲಿಗೇರಿಸಿ ಹೊರಟಳು.

“ಏ, ನಿಲ್ಲು!” ಮುದುಕ ಸುತ್ತಿಗೆ ಹಿಡಿದೇ ಎದ್ದ. “ನಾ ಹದ ಕೊಟ್ಟ ಹಲ್ಲು ಯಾವ ಮರಕ್ಕೂ ಮುರಿಯೂದಿಲ್ಲ. ಅದು ಮುರದಿದ್ದು ನಿಮ್ಮಪ್ಪನ ಕೈಯಾಗಿನ ಕಬ್ಬಿಣದ ಕಡಗಕ್ಕ!”